ಮೆಲ್ವಿನಿಯಾನ ಅವ್ವನ ಹೆಸರೇನು?

ಹೋದ ತಿಂಗಳು ಮೆಂತ್ಯೆಹಿಟ್ಟಿನ ಬಗ್ಗೆ ಬರದಾಗ ಗದಗಿನ ವೈನಿ ಫೋನ್ ಮಾಡಿ, "ಬರೇ ಅಡಗಿಮನಿ ಸುದ್ದಿನೇ ಆತಲ್ಲ, ಒಮ್ಮೆರೆ ಬ್ಯಾರೆ ಏನರೆ ಬರಿ" ಅಂದಿದ್ರು. ವೈನಿ, ಇದು ನಿಮ್ಮ ಸಲುವಾಗಿ. ಆದ್ರ ಇದೂ ಒಂದು ಮನಿ ಸುದ್ದಿನೇ. ಮನಿ ಮಾತ್ರ ಭಾಳ ದೂರದ್ದು, ಅಮೆರಿಕಾದ್ದು. ಕಾಲನೂ ನಮ್ಮ ಮುತ್ತಜ್ಜಿಯರಕಿಂತ ಹಿಂದಿಂದು.

ಇದು ಸುರು ಆಗಿದ್ದು ಮೊಮ್ಮಗಳ ಸಾಲಿ ಹೋಮ್‌ವರ್ಕಿನಿಂದ. ಫ್ಯಾಮಿಲಿ ಟ್ರೀ ಮಾಡಿಕೊಂಡು ಬರ್ರಿ ಅಂದಿದ್ರಂತ. ಡ್ರಾಯಿಂಗ್ ಹಾಳಿ ಮ್ಯಾಲೆ ಗಿಡ ತಗದು, ಚೌಕ ಕೊರದು, ಒಬ್ಬೊಬ್ಬರ ಹೆಸರು ಕೇಳಲಿಕ್ಕೆ ಹತ್ತಿದ್ಲು. ನಮ್ಮ ಮನಿಯವರು ತಮ್ಮ ಕಡೆ ಆರು ತಲಿ ಗಂಡಸರ ಹೆಸರು ಕೂತಲ್ಲೇ ಹೇಳಿದ್ರು. ಹೊಲದ ಸಲುವಾಗಿ ಮಾಡಿಸಿದ್ದ ವಂಶವೃಕ್ಷದ ಕಾಗದನೂ ಟ್ರಂಕಿನ್ಯಾಗಿಂದ ತಗದು ತೋರಿಸಿದ್ರು. ನನ್ನ ಕಡೆ ಬಂದ್ರ ನಮ್ಮವ್ವ, ಅವ್ವನ ಅವ್ವ, ಅಲ್ಲಿಗೆ ಗಾಡಿ ನಿಂತುಬಿಡ್ತು. ನಮ್ಮಜ್ಜಿಯ ಅವ್ವಂದು ಲಗ್ನದಾಗ ಇಟ್ಟ ಹೆಸರಷ್ಟ ನನಗ ಗೊತ್ತು. ನಮ್ಮ ಕಡೆ ಪದ್ಧತಿ ನಿಮಗ ಗೊತ್ತದಲ್ಲ? ತಾಟಿನ್ಯಾಗ ಅಕ್ಕಿ ಹರವಿ ಉಂಗುರಲೆ ಹೊಸ ಹೆಸರು ಬರದ್ರಂದ್ರ ಹುಟ್ಟಿದ ಹೆಸರು ಅಲ್ಲಿಗೆ ಮುಗೀತು. ಆ ಹಳೇ ಹೆಸರು ಏನಿತ್ತು ಅಂತ ನಾ ಎಂದೂ ಕೇಳೇ ಇರಲಿಲ್ಲ.

"ಅಜ್ಜಿ, ಇಲ್ಲೆ ಏನ ಬರೀಲಿ?" ಅಂತ ಕೂಸು ಕೇಳ್ತು. "ಗೊತ್ತಿಲ್ಲ ಅಂತ ಬರಿ" ಅಂದೆ. ಅಂದಕೂಡ್ಲೆ ನನಗ ಮೆಲ್ವಿನಿಯಾ ನೆನಪಾದ್ಲು.

ಅಕಿ ಯಾರು ಅಂತ ಹೇಳ್ತೀನಿ. 2024ರಾಗ ಮಿಶೆಲ್ ಒಬಾಮಾ ಅವರ ತಾಯಿ ಮೇರಿಯನ್ ರಾಬಿನ್ಸನ್ ತೀರಿಕೊಂಡ್ರು. ಅಳಿಯ ಅಧ್ಯಕ್ಷ ಆದಾಗ ಮಗಳ ಜೋಡಿ ವೈಟ್ ಹೌಸಿಗೇ ಹೋಗಿ, ಎರಡು ಮೊಮ್ಮಕ್ಕಳನ್ನ ನೋಡಿಕೊಂಡು ಇದ್ದ ಅಜ್ಜಿ ಅವರು. ಅವರ ಸುದ್ದಿ ಓದಿಕೋತ ಓದಿಕೋತ ನಾ ಅವರ ತವರಮನಿ ಕಥಿಗೆ ಹೋಗಿ ಮುಟ್ಟಿದೆ. ಬೆರಳ ಮಡಚಿ ಎಣಸ್ರಿ. ಮಿಶೆಲ್ ಅವರ ಅವ್ವ ಮೇರಿಯನ್. ಮೇರಿಯನ್ ಅವರ ಅಪ್ಪ ಪರ್ನೆಲ್ ಶೀಲ್ಡ್ಸ್. ಅವರ ಅಪ್ಪ ರಾಬರ್ಟ್ ಲೀ ಶೀಲ್ಡ್ಸ್. ಅವರ ಅಪ್ಪ ಡಾಲ್ಫಸ್ ಶೀಲ್ಡ್ಸ್. ಡಾಲ್ಫಸನ ಅವ್ವ ಮೆಲ್ವಿನಿಯಾ. ಅಕಿ ಹುಟ್ಟಿದ್ದು 1844ರ ಸುಮಾರಿಗೆ, ದಕ್ಷಿಣ ಕೆರೊಲಿನಾ ರಾಜ್ಯದಾಗ, ಗುಲಾಮಳಾಗಿ.

ಅಕಿ ಹೆಸರು ಕಾಗದದ ಮ್ಯಾಲೆ ಬಂದದ್ದು ಯಾವ ಜಾತಕದಾಗಲ್ಲ, ಒಬ್ಬ ಮಾಲಕನ ಮೃತ್ಯುಪತ್ರದಾಗ. ಸ್ಪಾರ್ಟನ್‌ಬರ್ಗ್ ಅನ್ನೋ ಜಿಲ್ಲಾದಾಗ ಡೇವಿಡ್ ಪ್ಯಾಟರ್ಸನ್ ಅಂತ ಒಬ್ಬ ವಯಸ್ಸಾದ ಜಮೀನದಾರ ಇದ್ದ. 1850ರಾಗ ತನ್ನ ಆಸ್ತಿ ಯಾರ್ಯಾರಿಗೆ ಹೋಗಬೇಕು ಅಂತ ಬರಸಿದ. ನೂಲೋ ರಾಟಿ, ಕುಡಗೋಲು, ಮೇಜಿನ ಮ್ಯಾಲೆ ಹಾಸೋ ಅರಿವಿ, ದನ. ಆ ಯಾದಿಯೊಳಗನೇ 'ನೀಗ್ರೋ ಹುಡುಗಿ ಮೆಲ್ವಿನಿಯಾ'. ಆವಾಗ ಅಕಿಗೆ ಆರು ವರ್ಷ. ಎರಡು ವರ್ಷದ ಮ್ಯಾಲೆ ಮುದುಕ ತೀರಿಕೊಂಡ. ಆಸ್ತಿಗೆ ಬೆಲೆ ಕಟ್ಟಲಿಕ್ಕೆ ಬಂದವರು ಎಂಟು ವರ್ಷದ ಆ ಕೂಸಿಗೂ ಬೆಲೆ ಕಟ್ಟಿದ್ರು: 475 ಡಾಲರ್.

ನಾ ಈ ಸಾಲು ಓದಿ ಫೋನ್ ಕೆಳಗಿಟ್ಟೆ. ನಮ್ಮ ಮೊಮ್ಮಗಳಿಗೂ ಎಂಟು ವರ್ಷ.

ಆ ಕಾಲದಾಗ ಅಮೆರಿಕಾದ ದಕ್ಷಿಣದ ರಾಜ್ಯಗಳೊಳಗ ಮನುಷ್ಯರನ್ನ ಮಾರೋದು, ಕೊಳ್ಳೋದು, ಮಗಳಿಗೆ ಬಳುವಳಿ ಕೊಡೋದು ಎಲ್ಲಾ ಕಾಯ್ದೆಪ್ರಕಾರನೇ ನಡೀತಿತ್ತು. 1860ರ ಲೆಕ್ಕದಾಗ ಅಲ್ಲೆ ಹತ್ತಿರ ಹತ್ತಿರ 40 ಲಕ್ಷ ಮಂದಿ ಗುಲಾಮರಿದ್ರು. ಅವರ ಲಗ್ನಕ್ಕ ಕಾಯ್ದೆ ಒಳಗ ಬೆಲೆ ಇರಲಿಲ್ಲ. ಗಂಡನ್ನ ಒಂದ್ಕಡೆ, ಹೆಂಡತೀನ ಇನ್ನೊಂದ್ಕಡೆ ಮಾರಿದ್ರೂ ಕೇಳಾವರಿಲ್ಲ. ಅವರಿಗೆ ಅಕ್ಷರ ಕಲಿಸೋದನ್ನೂ ಭಾಳ ರಾಜ್ಯದಾಗ ಬಂದ್ ಮಾಡಿದ್ರು. ಇನ್ನ ಒಂದು ಕಾಯ್ದೆ ಇತ್ತು. ಅದು 1662ರಷ್ಟು ಹಿಂದನೇ ವರ್ಜೀನಿಯಾದಾಗ ಬಂದಿದ್ದು: ಕೂಸು ಅವ್ವನ ಸ್ಥಿತಿಗೆ ಸೇರ್ತದ. ಅವ್ವ ಗುಲಾಮಳಾಗಿದ್ರ ಕೂಸೂ ಗುಲಾಮ, ಅಪ್ಪ ಯಾರೇ ಇರಲಿ. ಲೋಕದಾಗ ಭಾಳ ಕಡೆ ಅಪ್ಪನ ಹೆಸರಿಲೆ ವಂಶ ಎಣಸಾವರು, ಇಲ್ಲಿ ಮಾತ್ರ ಅವ್ವನ್ನ ಹಿಡದ್ರು. ಅವ್ವನ ಮ್ಯಾಲಿನ ಗೌರವದಿಂದಲ್ಲ. ಮಾಲಕನೇ ಕೂಸಿನ ಅಪ್ಪ ಆಗಿದ್ರೂ ಆ ಕೂಸು ಅವನ ವಾರಸದಾರ ಆಗಬಾರದು, ಅವನ ಆಸ್ತಿ ಆಗಿ ಉಳೀಬೇಕು ಅಂತ.

ಪ್ಯಾಟರ್ಸನ್ ಸತ್ತ ಮ್ಯಾಲೆ ಮೆಲ್ವಿನಿಯಾ ಅವನ ಮಗಳು ಕ್ರಿಸ್ಟಿಯಾನ್, ಅಳಿಯ ಹೆನ್ರಿ ಶೀಲ್ಡ್ಸ್ ಇವರ ಪಾಲಿಗೆ ಬಂದ್ಲು. ಅವರ ಹೊಲ ಇದ್ದದ್ದು ಜಾರ್ಜಿಯಾ ರಾಜ್ಯದಾಗ, ಅಟ್ಲಾಂಟಾದ ಹತ್ತಿರ ರೆಕ್ಸ್ ಅನ್ನೋ ಊರ ಕಡೆ. ಹುಟ್ಟಿದ ಊರಿಗೂ ಇದಕ್ಕೂ ಸುಮಾರು 300 ಕಿಲೋಮೀಟರ್. ಅಲ್ಲೆ ಅಕಿ ಗುರ್ತಿನವರು ಹತ್ತಾರು ಮಂದಿ ಇದ್ರೇನೋ. ಇಲ್ಲೆ ಎಲ್ಲಾ ಕೂಡಿ ಮೂರೇ ಮಂದಿ ಗುಲಾಮರು. 1860ರ ಒಕ್ಕಲುತನದ ಲೆಕ್ಕದಾಗ ಶೀಲ್ಡ್ಸ್ ಮನೀದು 200 ಎಕರೆ ಹೊಲ, 3 ಕುದುರಿ, 5 ಆಕಳು, 17 ಹಂದಿ, 20 ಕುರಿ ಅಂತ ಬರದದ. ಗೋದಿ, ಗೊಂಜಾಳ, ಗೆಣಸು ಬೆಳೀತಿದ್ರು. ಹೆಣ್ಣುಮಕ್ಕಳಿಗೆ ಅಂಥಾ ಮನ್ಯಾಗ ಹೊಲದ ಕೆಲಸಾನೂ ಬಿಡಲಿಲ್ಲ, ಒಳಗಿನ ಕೆಲಸಾನೂ ಬಿಡಲಿಲ್ಲ.

ಅಲ್ಲೆ 1859ರ ಸುಮಾರಿಗೆ ಅಕಿ ಒಬ್ಬ ಮಗನ್ನ ಹಡದ್ಲು. ಅವನೇ ಡಾಲ್ಫಸ್. ಅಕಿಗೆ ಆವಾಗ ಹದಿನೈದು ಇರಬಹುದು. ಕೂಸಿನ ಅಪ್ಪ ಬಿಳಿಯ.

ಈಗ ನೀವು ಕೇಳ್ತೀರಿ, ಓದು ಬರಹ ಇಲ್ಲದ, ತನ್ನ ಕೈಲೆ ಒಂದು ಸಾಲೂ ಬರದಿಡದ ಹೆಣ್ಣಮಗಳ ಸುದ್ದಿ ಇಷ್ಟು ಹೆಂಗ ಸಿಕ್ತು ಅಂತ. ನನಗೂ ಅದೇ ಸೋಜಿಗ. ಅಲ್ಲೆ 1790ರಿಂದ ಹತ್ತು ಹತ್ತು ವರ್ಷಕ್ಕ ಜನಗಣತಿ ಮಾಡ್ತಾರ. ನಮ್ಮಜ್ಜ ಅದಕ್ಕ ಖಾನೇಸುಮಾರಿ ಅಂತಿದ್ರು. 1850 ಮತ್ತ 1860ರಾಗ ಗುಲಾಮರದ್ದು ಬ್ಯಾರೆ ಯಾದಿ ಮಾಡಿದ್ರು. ಅದರಾಗ ಮಾಲಕನ ಹೆಸರು ಇರ್ತದ. ಅದರ ಕೆಳಗ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಅಷ್ಟ. ಗುಲಾಮರ ಹೆಸರು ಇರೂದಿಲ್ಲ. 1865ರಾಗ ಗುಲಾಮಗಿರಿ ಹೋತು. ಆಮ್ಯಾಲೆ ಬಂದ 1870ರ ಗಣತಿಯೊಳಗ ಬಿಡುಗಡಿ ಆದ ಮಂದಿ ಎಲ್ಲಾರ ಹೆಸರೂ ಮೊದಲನೇ ಸಲ ಹತ್ತಿದ್ವು. ಹಿಂಗಾಗಿ ಅಲ್ಲಿಯ ಕರಿಯ ಮನೆತನದವರು ಹಿರಿಯರನ್ನ ಹುಡುಕಿಕೋತ ಹಿಂದ ಹಿಂದ ಹೋದ್ರ 1870ಕ್ಕ ಬಂದು ಗ್ವಾಡಿಗೆ ಹಣಿ ಬಡಿದಂಗ ಆಗ್ತದ. ಅದರ ಆಚೆಗೆ ಹೋಗಬೇಕಾದ್ರ ತಮ್ಮ ಹಿರಿಯರ ಕಾಗದ ಅಲ್ಲ, ತಮ್ಮ ಹಿರಿಯರನ್ನ ಇಟ್ಟುಕೊಂಡಿದ್ದವರ ಕಾಗದ ಹುಡುಕಬೇಕು: ಮೃತ್ಯುಪತ್ರ, ಪಾಲುಪಟ್ಟಿ, ಬೆಲೆ ಕಟ್ಟಿದ ಯಾದಿ. ದನಕರ, ರಾಟಿ, ಕುಡಗೋಲಿನ ನಡುವ ತಮ್ಮ ಮುತ್ತಜ್ಜಿ ಹೆಸರು ಅದ ಏನು ಅಂತ ಬೆರಳಿಟ್ಟು ನೋಡಿಕೋತ ಹೋಗಬೇಕು.

ಮೆಗನ್ ಸ್ಮೊಲೆನ್ಯಾಕ್ ಅಂತ ಒಬ್ಬ ಹೆಣ್ಣಮಗಳು, ವಂಶಾವಳಿ ಹುಡುಕೋದೇ ಅವರ ಉದ್ಯೋಗ, ಇದನ್ನ ಹಿಂಗನೇ ಹುಡುಕಿದ್ರು. 2009ರಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೊಳಗ ಇದು ಬಂತು. ಆ ಪತ್ರಿಕೆಯ ರೇಚಲ್ ಸ್ವಾರ್ನ್ಸ್ ಅಷ್ಟಕ್ಕ ಬಿಡದ ಮತ್ತ ಹುಡುಕಿ 2012ರಾಗ 'ಅಮೆರಿಕನ್ ಟ್ಯಾಪೆಸ್ಟ್ರಿ' ಅಂತ ಪುಸ್ತಕ ಮಾಡಿದ್ರು. ಹೆಣ್ಣಮಗಳ ಸುದ್ದಿ ಹುಡುಕಿದವರೂ ಹೆಣ್ಣಮಕ್ಕಳೇ.

1870ರ ಗಣತಿ ಹಾಳಿ ಮ್ಯಾಲೆ ಮೆಲ್ವಿನಿಯಾ ಹೆಸರು ಅದ. ಗುಲಾಮಗಿರಿ ಹೋಗಿ ಐದು ವರ್ಷ ಆಗಿತ್ತು, ಆದ್ರ ಅಕಿ ಇನ್ನೂ ಅಲ್ಲೇ ಹೊಲದ ಕೂಲಿ. ಪಕ್ಕದ ಹೊಲ ಹೆನ್ರಿ ಶೀಲ್ಡ್ಸನ ಮಗ ಚಾರ್ಲ್ಸಂದು. ಅಕಿಗೆ ನಾಲ್ಕು ಮಕ್ಕಳು. ಅವರೊಳಗ ಮೂರು ಮಕ್ಕಳ ಮುಂದ, ಡಾಲ್ಫಸ್‌ನೂ ಹಿಡಿದು, ಮಿಶ್ರ ಬಣ್ಣ ಅಂತ ಬರದದ. ಒಂದು ಕೂಸು ಹುಟ್ಟಿದ್ದು ಬಿಡುಗಡಿ ಆಗಿ ನಾಲ್ಕು ವರ್ಷದ ಮ್ಯಾಲೆ. ಬಿಡುಗಡಿ ಆದ ಮ್ಯಾಲೂ ಯಾಕ ಅಲ್ಲೇ ಉಳದ್ಲು ಅಂತ ಕೇಳೋದು ಸಸಾರ. ಓದು ಬಾರದು, ಕೈಯಾಗ ರೊಕ್ಕಿಲ್ಲ, ಬಗಲಾಗ ನಾಲ್ಕು ಕೂಸು. ಎಲ್ಲಿ ಹೋಗ್ತಾಳ?

ಆದ್ರ ಅಕಿ ಹೋದ್ಲು. ಈ ಕಥಿಯೊಳಗ ನನ್ನ ಕಣ್ಣಾಗ ನೀರು ತಂದದ್ದು ಇದು. ಮೂವತ್ತೋ ನಲವತ್ತೋ ವಯಸ್ಸಿನ್ಯಾಗ ಅಕಿ ಆ ಊರು ಬಿಟ್ಟು, ಜಾರ್ಜಿಯಾದ ಇನ್ನೊಂದು ಮೂಲಿ, ಅಲಬಾಮಾ ಗಡಿ ಕಡೆ ಇರೋ ಬಾರ್ಟೊ ಜಿಲ್ಲಾಕ್ಕ ಹೋದ್ಲು. ಅಲ್ಲೆ ಇದ್ದವರು ಯಾರು ಅಂದ್ರ ಮರಾಯಾ ಮತ್ತ ಬೋಲಸ್ ಈಸ್ಲಿ ಅನ್ನೋ ಗಂಡ ಹೆಂಡತಿ. ಇವರು ಅದೇ ಪ್ಯಾಟರ್ಸನ್ ಮುದುಕನ ಹೊಲದಾಗ ಗುಲಾಮರಾಗಿದ್ದವರು. ಎಂಟು ವರ್ಷದ ಕೂಸಿದ್ದಾಗ ಅಗಲಿಸಿದ ಮಂದೀನ ಇಷ್ಟು ವರ್ಷದ ಮ್ಯಾಲೆ ಅಕಿ ಹೋಗಿ ಕೂಡಿದ್ಲು. ಪತ್ರ ಬರೀಲಿಕ್ಕೆ ಬಾರದು, ಓದಲಿಕ್ಕೆ ಬಾರದು. ಬಾಯಿಂದ ಬಾಯಿಗೆ ಸುದ್ದಿ ದಾಟಿಸಿಕೋತನೇ ಹುಡುಕಿರಬೇಕು. ಕಾಗದ ಬಲ್ಲವರಿಗೆ ಈ ಸಂಬಂಧ ಹುಡುಕಲಿಕ್ಕೆ 2009ರ ತನಕ ಬೇಕಾತು. ಮೆಲ್ವಿನಿಯಾ ಅದನ್ನ ತಲಿಯೊಳಗನೇ ಇಟ್ಟುಕೊಂಡಿದ್ಲು.

ಕೂಡಿದ್ದಷ್ಟ ಅಲ್ಲ, ಬೀಗತನಾನೂ ಆತು. ಈಸ್ಲಿ ದಂಪತಿಗಳ ಮಗಳು ಆಲಿಸ್‌ನ್ನ ಡಾಲ್ಫಸ್‌ಗೆ ತಂದುಕೊಂಡ್ರು. ಅಂದ್ರ ಮಿಶೆಲ್ ಅವರ ಮನೆತನಕ್ಕ ಅಲ್ಲೆ ಎರಡು ಎಳಿ ಬಂದು ಗಂಟು ಬಿತ್ತು. ಎರಡೂ ಒಂದೇ ಹೊಲದಾಗ ಹರದಿದ್ದ ಎಳಿ.

ಮುಂದಿನ ಕಾಲದಾಗ ಕಾಗದ ಮತ್ತ ಕೈ ಕೊಡ್ತದ. 1890ರ ಗಣತಿ ಕಾಗದ ಎಲ್ಲಾ ವಾಷಿಂಗ್ಟನ್ನಿನ ಸರಕಾರಿ ಕಟ್ಟಡದಾಗ 1921ರಾಗ ಬೆಂಕಿ ಬಿದ್ದು ಹೆಚ್ಚೂಕಡಿಮಿ ಪೂರಾ ಹೋದ್ವು. ಅದಕ್ಕ 1880 ಆದ ಮ್ಯಾಲೆ ಜಿಗದು 1900ಕ್ಕೇ ಹೋಗಬೇಕು. ಇಪ್ಪತ್ತು ವರ್ಷದಾಗ ಒಂದು ಮನೆತನದಾಗ ಎಷ್ಟು ಬದಲಾಗ್ತದ, ನಾವು ನಮ್ಮ ಮನೀನೇ ನೋಡಿಕೊಂಡ್ರ ಸಾಕು.

ಈ ನಡುವ, 1888ರ ಸುಮಾರಿಗೆ, ಡಾಲ್ಫಸ್ ಮತ್ತ ಆಲಿಸ್ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿಗೆ ಹೋಗಿ ನೆಲಿಸಿದ್ರು. ಕಾರಖಾನಿ ಊರು ಅದು, ಆವಾಗಷ್ಟ ಬೆಳೀಲಿಕ್ಕೆ ಹತ್ತಿತ್ತು. ಡಾಲ್ಫಸ್ ಬಡಿಗ. ಅವ್ವಗ ಬಾರದ ಓದು ಬರಹ ಅವಗ ಬರ್ತಿತ್ತು. 1900ರ ಗಣತಿಯೊಳಗ ಸ್ವಂತ ಮನಿ ಅಂತ ಬರದದ. 1911ರ ಹೊತ್ತಿಗೆ ಬಡಿಗತನದ್ದು, ಹತಾರ ಸಾಣಿ ಹಿಡಿಯೋದು, ತನ್ನದೇ ಅಂಗಡಿ ಇತ್ತು. ಎರಡು ಚರ್ಚು ಕಟ್ಟಲಿಕ್ಕೂ ಮುಂದ ನಿಂತಿದ್ದ. 475 ಡಾಲರ್ ಬೆಲೆ ಕಟ್ಟಿಸಿಕೊಂಡ ಹುಡುಗಿಯ ಮಗ ತನ್ನ ಹೆಸರಿಲೆ ಮನಿ ಮಾಡಿದ. ಅವನ ಮಗ ರಾಬರ್ಟ್ ಲೀ 1906ರಾಗ ಲಗ್ನ ಆಗಿ, ರೈಲ್ವೆದಾಗ ಹಮಾಲಿ ಮಾಡಿ, ಮೂವತ್ತೆರಡರ ವಯಸ್ಸಿನ ಸುಮಾರಿಗೆ ಕಾಗದದಾಗಿಂದ ಕಾಣೆ ಆಗ್ತಾನ. ಅವನ ಹೆಂಡತಿ ಮುಂದ ಮಗ ಪರ್ನೆಲ್‌ನ ಜೋಡಿ ಶಿಕಾಗೋ ಸೇರಿದ್ಲು. ಪರ್ನೆಲ್ ಬಣ್ಣ ಹಚ್ಚೋ ಕೆಲಸ ಮಾಡ್ತಿದ್ದ. ಅವನ ಮಗಳು ಮೇರಿಯನ್ 1937ರಾಗ ಹುಟ್ಟಿದ್ರು.

ಮೇರಿಯನ್ ಹುಟ್ಟಿದ ಮರುವರ್ಷ, 1938ರಾಗ, ಮೆಲ್ವಿನಿಯಾ ತೀರಿಕೊಂಡ್ಲು. ತೊಂಬತ್ತು ದಾಟಿತ್ತು. ನೋಡ್ರಿ, ಗುಲಾಮಳಾಗಿ ಹುಟ್ಟಿದ ಮುದುಕಿಯ ಉಸಿರು ಮತ್ತ ವೈಟ್ ಹೌಸಿನ್ಯಾಗ ಇದ್ದ ಅಜ್ಜಿಯ ಉಸಿರು ಒಂದಿಷ್ಟು ತಿಂಗಳು ಒಂದೇ ಗಾಳಿಯೊಳಗ ಇದ್ವು. ಇದು ಭಾಳ ಹಿಂದಿನ ಮಾತಲ್ಲ.

ಅಕಿ ಮರಣಪತ್ರದಾಗ ತಂದಿ ತಾಯಿ ಹೆಸರು ಬರೀಲಿಕ್ಕೆ ಜಾಗ ಬಿಟ್ಟಾರ. ಅಲ್ಲೆ ಸಂಬಂಧಿಕರೊಬ್ಬರು ಬರಸ್ಯಾರ: ಗೊತ್ತಿಲ್ಲ.

ಅದೇ ಮಾತು ನಾ ಮೊಮ್ಮಗಳಿಗೆ ಹೇಳಿದ್ದು.

ಆದ್ರ ಎರಡೂ ಒಂದೇ ತೂಕದ ಮಾತಲ್ಲ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಮೆಲ್ವಿನಿಯಾಂದು ಕಸಗೊಂಡದ್ದು. ಎಂಟು ವರ್ಷದ ಕೂಸನ್ನ ಎತ್ತಿ ದೂರ ಒಯ್ದ್ರ ಅದಕ್ಕ ಅವ್ವನ ಮುಖ ಎಷ್ಟು ದಿನ ನೆನಪಿರ್ತದ? ನಂದು ಹಂಗಲ್ಲ. ನಮ್ಮಜ್ಜಿ ಜೋಡಿ ನಾ ಎಷ್ಟು ವರ್ಷ ಒಂದೇ ಕೌದಿಯೊಳಗ ಮಲಗೀನಿ. ಮಾವಿನಕಾಯಿ ಉಪ್ಪಿನಕಾಯಿ ಲೆಕ್ಕ ಕೇಳೀನಿ, ಹಾಡು ಕೇಳೀನಿ. "ಅಜ್ಜಿ, ನಿಮ್ಮವ್ವನ ತವರಮನಿ ಹೆಸರೇನು?" ಅಂತ ಒಂದು ಮಾತು ಕೇಳಲಿಲ್ಲ. ಅಕಿದು ಗೊತ್ತಾಗದಂಗ ಮಾಡಿದ್ದು, ನಂದು ಗೊತ್ತು ಮಾಡಿಕೊಳ್ಳದ್ದು.

ಡಾಲ್ಫಸನ ಅಪ್ಪ ಯಾರು ಅನ್ನೋದು ಭಾಳ ವರ್ಷ ಹಂಗೇ ಉಳದಿತ್ತು. ರೇಚಲ್ ಅವರ ಪುಸ್ತಕದ ಹೊತ್ತಿಗೆ ಕರಿಯ ಶೀಲ್ಡ್ಸ್ ಮನೆತನದವರದ್ದೂ ಬಿಳಿಯ ಶೀಲ್ಡ್ಸ್ ಮನೆತನದವರದ್ದೂ ಡಿಎನ್‌ಎ ಪರೀಕ್ಷೆ ಮಾಡಿಸಿ ಹೋಲಿಸಿದ್ರು. ಹೊಂದಿತು. ಎಲ್ಲಾ ಲೆಕ್ಕ ಹಾಕಿದ್ರ ಹೆನ್ರಿಯ ಮಗ ಚಾರ್ಲ್ಸ್ ಮೇರಿಯನ್ ಶೀಲ್ಡ್ಸ್‌ನೇ ಅಪ್ಪ ಇರಬೇಕು ಅನ್ನೋ ತೀರ್ಮಾನಕ್ಕ ಬಂದಾರ. ಡಾಲ್ಫಸ್ ಹುಟ್ಟಿದಾಗ ಅವಗ ಇಪ್ಪತ್ತರ ಸುಮಾರು. ರಕ್ತ ಇಷ್ಟು ಹೇಳ್ತು. ಅಕಿ ಮನಸಿನ್ಯಾಗ ಏನಿತ್ತು ಅನ್ನೋದನ್ನ ಯಾವ ಪರೀಕ್ಷೆನೂ ಹೇಳೂದಿಲ್ಲ. ಕೆಲವರು ಪ್ರೀತಿ ಇದ್ದಿರಬಹುದು ಅಂತಾರ. ನಾ ಒಬ್ಬ ಹೆಣ್ಣಮಗಳಾಗಿ ಇಷ್ಟ ಹೇಳ್ತೀನಿ: ಬ್ಯಾಡ ಅನ್ನೋ ಅಧಿಕಾರ ಇಲ್ಲದ ಹದಿನೈದರ ಹುಡುಗಿ ವಿಷಯದಾಗ ನಾವು ಆ ಶಬ್ದ ಇಷ್ಟು ಹಗುರ ಬಳಸಬಾರದು.

ಆದರೂ ಅಕಿ ಮಕ್ಕಳಿಗೆ ಶೀಲ್ಡ್ಸ್ ಅನ್ನೋ ಅಡ್ಡಹೆಸರೇ ಇಟ್ಲು. ಬಿಡುಗಡಿ ಆದ ಭಾಳ ಮಂದಿ ಮಾಲಕರ ಹೆಸರೇ ಇಟ್ಟುಕೊಂಡಿದ್ರು, ಹಂಗ ಇರಬಹುದು. ಅಪ್ಪ ಯಾರು ಅಂತ ಊರಿಗೆ ಸುಮ್ಮನ ತಿಳೀಲಿ ಅಂತನೂ ಇರಬಹುದು. ಬಾಯಿ ಬಿಟ್ಟು ಹೇಳಿದ್ದು ಮಾತ್ರ ಮುಂದಿನ ತಲಿಯವರಿಗೆ ಮುಟ್ಟಲಿಲ್ಲ.

ಡಾಲ್ಫಸ್ ತೊಂಬತ್ತರ ಮ್ಯಾಲೆ ಬದುಕಿ 1950ರಾಗ ತೀರಿಕೊಂಡ. ಬರ್ಮಿಂಗ್‌ಹ್ಯಾಮಿನ ಕರಿಯರ ಪತ್ರಿಕೆಯೊಳಗ ಅವನ ಸಾವಿನ ಸುದ್ದಿ ಮೊದಲನೇ ಪುಟದಾಗ ಬಂತು. ಅದೇ ದಿನದ ದೊಡ್ಡ ಸುದ್ದಿ, ಕರಿಯರನ್ನ ಬ್ಯಾರೆ ಕೂಡಿಸೋದರ ವಿರುದ್ಧ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. 2012ರಾಗ ರೆಕ್ಸ್ ಊರಾಗ ಮೆಲ್ವಿನಿಯಾ ಹೆಸರಿಲೆ ಒಂದು ಕಲ್ಲು ನಿಲ್ಲಿಸ್ಯಾರ. ಯಾದಿಯೊಳಗ ಕುಡಗೋಲಿನ ಬಾಜೂ ಇದ್ದ ಹೆಸರು ಈಗ ಕಲ್ಲಿನ ಮ್ಯಾಲೆ ಅದ.

ಇನ್ನ ನಮ್ಮ ಹೋಮ್‌ವರ್ಕಿನ ಸುದ್ದಿ. ಆವತ್ತ ಸಂಜೀಕೇ ಹುಬ್ಬಳ್ಳಿ ಮೌಶಿಗೆ ಫೋನ್ ಹಚ್ಚಿದೆ. ಅವರಿಗೆ ಎಂಬತ್ತಾರು. ಕಿವಿ ಮಂದ, ಎರಡು ಸಲ ಕೂಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕಿಗೆ ತವರಮನ್ಯಾಗ ತಂಗೆವ್ವ ಅಂತ ಕರೀತಿದ್ರವಾ. ತವರಮನಿ ನರಗುಂದದ ಕಡೆ. ಹೆಸರು ನಾನೂ ಕೇಳಲಿಲ್ಲ ನೋಡು. ನಿನ್ನಂಗ ಯಾರೂ ಕೇಳಿರಲಿಲ್ಲ" ಅಂದ್ರು. ಮೊಮ್ಮಗಳು 'ಗೊತ್ತಿಲ್ಲ' ಅಳಿಸಿ, 'ತಂಗೆವ್ವ, ನರಗುಂದದ ಕಡೆ' ಅಂತ ಬರದ್ಲು. ರಬ್ಬರ್ ಹಚ್ಚಿದ ಕಲೆ ಹಂಗೇ ಉಳೀತು.

ಅಕ್ಕಂದಿರ, ತಂಗ್ಯಾರ, ಒಂದು ಕೆಲಸ ಮಾಡ್ರಿ. ನಿಮ್ಮ ಮನ್ಯಾಗ, ಓಣ್ಯಾಗ ಎಂಬತ್ತು ದಾಟಿದ ಹಿರಿಯರು ಯಾರಿದ್ದಾರ, ಈ ವಾರ ಹೋಗಿ ಕೂತು ಕೇಳ್ರಿ. ಹುಟ್ಟಿದ ಹೆಸರು, ಲಗ್ನದ ಹೆಸರು, ತವರೂರು, ಅವರವ್ವನ ಹೆಸರು, ಅವರವ್ವನ ತವರೂರು. ಫೋನಿನ್ಯಾಗ ಅಷ್ಟ ಅಲ್ಲ, ಒಂದು ನೋಟ್‌ಬುಕ್ಕಿನ್ಯಾಗ ಪೆನ್ನಿಲೆ ಬರೀರಿ. ಯಾರು ಹೇಳಿದ್ರು, ಯಾವ ತಾರೀಖು ಅನ್ನೋದನ್ನೂ ಹಾಕ್ರಿ. ಹಳೇ ಫೋಟೋ ಇದ್ರ ಹಿಂದಿನ ಮಗ್ಗಲ ಪೆನ್ಸಿಲ್ಲಿಲೆ ಹೆಸರು ಬರೀರಿ, ಬಾಲ್ ಪೆನ್ನು ಬ್ಯಾಡ, ಮುಂದ ಮೂಡಿಬಿಡ್ತದ.

ಗದಗಿನ ವೈನಿ, ಸುರು ನಿಮ್ಮಿಂದನೇ ಆಗಲಿ. ನಿಮಗ ಲಗ್ನದಾಗ ಹೆಸರು ಬದಲಿ ಮಾಡಿದ್ದು ನನಗ ಗೊತ್ತದ. ಮೂವತ್ತು ವರ್ಷ ಆತು, ಮೊದಲಿನ ಹೆಸರೇನು ಅಂತ ನಾನೂ ಕೇಳಲಿಲ್ಲ. ನಾಳೆ ಫೋನ್ ಮಾಡ್ತೀನಿ, ಹೇಳ್ರಿ.